ಅಕ್ಕನ ಪಡಸಾಲೆಯ ನಾಲ್ಕನೆಯ ಕಂಬ

ಹೊನ್ನೆ ಮರ ಕೊಯ್ದ ಹೊಟ್ಟು ಮಳೆಯಲ್ಲಿ ನೆನೆದರೆ ಒಂದು ಒಗರು ವಾಸನೆ ಏಳುತ್ತದೆ. ಬಡಗಿಯ ಮಗನಾಗಿ ಹುಟ್ಟಿ ಬಡಗಿಯಾಗಿಯೇ ಮುದುಕನಾದ ನನಗೆ ಅದು ಹೊಸದಲ್ಲ. ಆದರೂ ಹೋದ ತಿಂಗಳು ನಾಗಮಂಗಲದಲ್ಲಿ ಅಕ್ಕನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಆ ವಾಸನೆ ಬಂತು, ಕೈಯಲ್ಲಿದ್ದ ಹತಾರಗಳ ಚೀಲವನ್ನು ಕೆಳಗಿಡದೆ ಹಾಗೇ ನಿಂತುಬಿಟ್ಟೆ. ಅಕ್ಕನ ಮಗ ಪಡಸಾಲೆಯ ಹೆಂಚು ಇಳಿಸಿ, ಹುಳ ಹಿಡಿದಿದ್ದ ಎರಡು ಜಂತೆಗಳನ್ನು ಬದಲಿಸುತ್ತಿದ್ದ. "ಮಾವ, ಒಂದ್ಸಲ ಬಂದು ಕಂಬ ನೋಡ್ಕೊಡಿ, ಆಮ್ಯಾಕೆ ಎಂಚು ಒದಿಸ್ತೀನಿ" ಎಂದು ಹೇಳಿಕಳಿಸಿದ್ದ. ಅದಕ್ಕೇ ಅತ್ತಿಗುಪ್ಪೆಯಿಂದ ಹೋಗಿದ್ದೆ.

ಆ ಪಡಸಾಲೆಗೆ ನಾಲ್ಕು ಕಂಬ. ಮೂರು ಹೊನ್ನೆಯವು, ಒಂದು ಕಲ್ಲಿನದು. ಹೊಸಬರು ಯಾರೇ ಬಂದರೂ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವ ಮೊದಲು ಆ ಕಲ್ಲಿನ ಕಂಬವನ್ನು ನೋಡುತ್ತಾರೆ, ಆಮೇಲೆ ಅದೊಂದು ಯಾಕೆ ಹಾಗೆ ಎಂದು ಕೇಳುತ್ತಾರೆ. ಅಕ್ಕನಿಗೆ ಹೇಳಿ ಹೇಳಿ ಸಾಕಾಗಿದೆ. ತಪ್ಪು ಮಾಡಿದವನು ನಾನು, ಆದ್ದರಿಂದ ನಾನೇ ಬರೆದಿಟ್ಟರೆ ಸರಿ.

ಅದು ಕೀಲಕ ಸಂವತ್ಸರದ ಮಳೆಗಾಲ. ಶ್ರೀರಂಗಪಟ್ಟಣ ಬೀಳುವುದಕ್ಕೆ ಹನ್ನೊಂದು ವರ್ಷ ಮೊದಲಿನ ಮಾತು. ನನಗೆ ಇಪ್ಪತ್ತಾರು. ಪಟ್ಟಣದ ಕಾರ್ಖಾನೆಯೊಂದರಲ್ಲಿ ತೋಪಿನ ಗಾಡಿಗಳಿಗೆ ಚಕ್ರ ಮಾಡುವ ಕೆಲಸ. ಬೆಳ್ಳಿ ಮೂಡುವ ಹೊತ್ತಿಗೆ ನಗಾರಿ, ನಗಾರಿಗೆ ಹಾಜರಿ, ಹಾಜರಿ ಮುಗಿದ ಕೂಡಲೇ ಉಳಿ ಮಸೆಯುವುದು. ಮಸೆದ ಉಳಿಯ ಮೊನೆಯನ್ನು ಮೇಸ್ತ್ರಿ ಉಗುರಿನ ಮೇಲಿಟ್ಟು ನೋಡಿ ಒಪ್ಪಿದರೆ ಮಾತ್ರ ಮರ ಮುಟ್ಟುವುದು. ಉಳಿದವರಿಗೆ ಇದು ಸೆರೆಮನೆಯಂತಿತ್ತು. ನನಗೆ ತೌರುಮನೆಯಂತಿತ್ತು, ಯಾಕೆಂದರೆ ನಮ್ಮಪ್ಪ ಅತ್ತಿಗುಪ್ಪೆಯಲ್ಲಿ ನಗಾರಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೀಗೇ ನಡೆಸುತ್ತಿದ್ದರು. ಮರ ಕೊಳ್ಳುವಾಗ ಬುಡದ ಕಡೆಗೆ ಜಾಜಿನ ಕೆಂಪು ಗುರುತು ಹಾಕು, ಕೊಯ್ದ ತುಂಡನ್ನು ಬಿಸಾಡಬೇಡ, ಜೋಡಿಸಿಡು, ಎತ್ತಿಕೊಂಡ ಹತಾರವನ್ನು ಎತ್ತಿಕೊಂಡ ಜಾಗದಲ್ಲೇ ಇಡು. ಈಗಲೂ ನನ್ನ ಮನೆಯಲ್ಲಿ ಹಾಗೇ ನಡೆಯುತ್ತದೆ. ಮೊಮ್ಮಕ್ಕಳು ಗೊಣಗುತ್ತಾರೆ, ಗೊಣಗಿಕೊಂಡೇ ಜೋಡಿಸಿಡುತ್ತಾರೆ.

ಅಕ್ಕನ ಗಂಡ ಮಂಚಾಚಾರಿ ನಾಗಮಂಗಲದಲ್ಲಿ ಕಂಚಿನ ಎರಕದ ಕೆಲಸ ಮಾಡುವವರು. ದೀಪ, ಗಂಟೆ, ದೇವರ ಪ್ರಭಾವಳಿ ಎಲ್ಲ ಮಾಡುತ್ತಿದ್ದರು. ದೊಡ್ಡ ಆಳು, ದೊಡ್ಡ ದನಿ. ಅವರು ಕುಲುಮೆಯ ಹತ್ತಿರ ನಿಂತು ಕೂಗಿದರೆ ಕೆರೆಯಲ್ಲಿ ಬಟ್ಟೆ ಒಗೆಯುವವರಿಗೆ ಕೇಳುತ್ತಿತ್ತು. ಹಿಂದಿನ ಮಾಘದಲ್ಲಿ ಒಂದು ಗಂಟೆ ಎರಕ ಹೊಯ್ಯುವಾಗ ಅಚ್ಚು ಬಿರಿದು, ಕರಗಿದ ಕಂಚು ಎರಡೂ ಪಾದದ ಮೇಲೆ ಹರಿಯಿತು. ಗಾಯ ಮಾಯಲು ನಾಲ್ಕು ತಿಂಗಳಾಯಿತು. ಮಾಯ್ದ ಮೇಲೂ ಪಾದಗಳು ನೆಲದ ಮೇಲೆ ಊರಲಿಲ್ಲ. ನಿಲ್ಲುವುದು ಇನ್ನಿಲ್ಲ, ಕೂತು ಎಷ್ಟು ವರ್ಷ ಬೇಕಾದರೂ ಬದುಕಬಹುದು ಎಂದು ಪಂಡಿತರು ಹೇಳಿಹೋದರು. ಭಾವ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡು ಒಳಕೋಣೆಯ ಕತ್ತಲಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕುಲುಮೆ ಆರಿತು. ಅಕ್ಕ ಆಷಾಢದಲ್ಲಿ ಹೇಳಿಕಳಿಸಿದಳು: "ದಿನಕ್ಕೆ ಒಂದು ಮುದ್ದೆಯಿಂದ ಅರ್ಧಕ್ಕೆ ಬಂದವ್ರೆ. ಅವರು ಆ ಕೋಣೆಯಿಂದ ಈಚೆಗೆ ಬರದಿದ್ರೆ ದೀಪಾವಳಿ ಕಾಣಾಕಿಲ್ಲ. ಕೂರಾಕೆ ಒಂದು ಜಾಗ ಮಾಡ್ಕೊಡು ಬಾ."

ನವರಾತ್ರಿಯ ಮೊದಲ ದಿನದ ಹಾಜರಿಗೆ ತಪ್ಪದೆ ಬರುತ್ತೇನೆಂದು ಮಾತು ಕೊಟ್ಟು ರಜಾ ತೆಗೆದುಕೊಂಡೆ. ಪಟ್ಟಣದಿಂದ ಹಿರೋಡೆಗೆ ಬಂದು, ಅಲ್ಲಿ ಮರದ ಮಂಡಿಯಲ್ಲಿ ಚೆನ್ನಾಗಿ ಒಣಗಿದ ನಾಲ್ಕು ಹೊನ್ನೆ ದಿಮ್ಮಿ ಆರಿಸಿ, ಅಪ್ಪ ಹೇಳಿಕೊಟ್ಟಂತೆ ನಾಲ್ಕರ ಬುಡಕ್ಕೂ ನನ್ನ ಕೈಯಾರೆ ಜಾಜಿನ ಗುರುತು ಹಾಕಿದೆ. ಗಾಡಿ ಹೊಡೆಯುವ ಇಮಾಮ ಸಾಬಿಗೆ ಒಪ್ಪಿಸಿ ನಾನು ಮುಂದಾಗಿ ನಡೆದು ನಾಗಮಂಗಲ ಸೇರಿದೆ. ಅವನು ಮೇಲುಕೋಟೆಯ ಬೆಟ್ಟ ಬಳಸಿಕೊಂಡು ಬರುವಾಗ ದಾರಿಯುದ್ದಕ್ಕೂ ಪುಷ್ಯ ಮಳೆಯ ಜಡಿ. ಮಾರನೆಯ ದಿನ ಗಾಡಿ ಬಂದಾಗ ಗುರುತುಗಳು ಹೆಚ್ಚುಕಡಿಮೆ ತೊಳೆದುಹೋಗಿದ್ದವು. ಮೂರು ದಿಮ್ಮಿಗಳ ಬುಡದಲ್ಲಿ ಮಾತ್ರ ಕೆಂಪಿನ ಎಳೆ ಅಷ್ಟಿಷ್ಟು ಉಳಿದಿತ್ತು. ಮೂರೂ ಗಾಡಿಯ ಮುಂದೆ, ಎತ್ತು ಹೂಡುವ ಮೂಕಿಯ ಕಡೆಗೇ ಇದ್ದವು. ನಾಲ್ಕನೆಯದರಲ್ಲಿ ಎರಡು ತುದಿಯಲ್ಲೂ ಏನೂ ಇರಲಿಲ್ಲ. ಮೂರರ ಬುಡ ಮುಂದಿದ್ದರೆ ನಾಲ್ಕನೆಯದರದೂ ಮುಂದೇ ಇರಬೇಕು ಎಂದುಕೊಂಡು ಅದಕ್ಕೂ ಅದೇ ಕಡೆ ಹೊಸ ಗುರುತು ಹಾಕಿದೆ. ಅಚ್ಚುಕಟ್ಟಾಗಿ, ಮೂರಕ್ಕೆ ಸಾಲಾಗಿ.

ಭಾವನ ಕೋಣೆಗೆ ಹೋದೆ. ಅವರು ತಿರುಗಲಿಲ್ಲ.

"ಯಾರ್ಗೆ ಕಟ್ತೀಯಲಾ ಪಡಸಾಲೆ?"

"ನಿಮ್ಗೆ, ಭಾವ."

"ನಂಗೆ ಈ ಗ್ವಾಡೆ ಸಾಕು. ಓಗು."

ಅಂದು ಅವರಾಡಿದ್ದು ಅಷ್ಟೇ. ನಾನು ವಾದ ಮಾಡುವ ಜಾತಿಯಲ್ಲ, ಅಳತೆ ತೆಗೆಯುವ ಜಾತಿ. ಅವರಿಗೆ ಗೊತ್ತಾಗದಂತೆ ಮಂಚದ ಎತ್ತರಕ್ಕೆ ದಾರ ಹಿಡಿದು ಒಂದು ಗಂಟು ಹಾಕಿದೆ. ಅಕ್ಕ ತಟ್ಟೆ ಇಟ್ಟಾಗ ಅವರ ಕೈ ಎಷ್ಟು ದೂರ ಚಾಚುತ್ತದೆ ಎಂದು ನೋಡಿ ದಾರಕ್ಕೆ ಒಂದು ಗಂಟು, ಬೆನ್ನಿನ ಅಗಲಕ್ಕೆ ಒಂದು ಗಂಟು, ಕೂತಾಗ ಕಣ್ಣು ಇರುವ ಮಟ್ಟಕ್ಕೆ ಇನ್ನೊಂದು. ಆ ಪಡಸಾಲೆಯೆಲ್ಲ ಈ ನಾಲ್ಕು ಗಂಟಿನ ಮೇಲೆ ಎದ್ದಿದೆ.

ಹಳೆಯ ಪಡಸಾಲೆ ಎಂದರೆ ಇದ್ದಿಲ ಮೂಟೆ ಮತ್ತು ಒಡೆದ ಅಚ್ಚುಗಳ ಉಗ್ರಾಣ. ಅದನ್ನೆಲ್ಲ ಹಿತ್ತಲಿಗೆ ಸಾಗಿಸಿ, ಅಂಗಳದ ಕಡೆಯ ಮಣ್ಣಿನ ಗೋಡೆ ಕೆಡವಿ, ಆ ಜಾಗದಲ್ಲಿ ನಾಲ್ಕು ಕಂಬ ನಿಲ್ಲಿಸುವುದೆಂದು ಲೆಕ್ಕ ಹಾಕಿದೆ. ಬೆಳಕು ನೇರ ಒಳಗೆ ಬರಬೇಕು. ಒಳಗೋಡೆಗೆ ಹೊಂದಿಕೊಂಡು ಮಂಚದಷ್ಟೇ ಎತ್ತರದ ಮರದ ಜಗಲಿ, ಅಂದರೆ ಮಂಚ ಹತ್ತಿ ಇಳಿಯುವ ರೂಢಿಯೇ ಜಗಲಿಗೂ ಸಾಕು. ಪಕ್ಕದ ಗೋಡೆಯಲ್ಲಿ ಒಂದು ಕಿಟಕಿ, ಕೂತವನ ಕಣ್ಣಿಗೆ ಸರಿಯಾಗಿ. ಅದರಲ್ಲಿ ನೋಡಿದರೆ ಕುಲುಮೆಯ ಬಾಯಿ ನೇರ ಕಾಣಬೇಕು. ಕೈ ಚಾಚಿದಷ್ಟು ದೂರದೊಳಗೆ ಗೋಡೆಯಲ್ಲಿ ಗೂಡುಗಳು: ನೀರಿನ ಚೊಂಬಿಗೊಂದು, ಎಲೆಯಡಿಕೆಗೊಂದು, ಮೇಣದ ಉಂಡೆ ಮತ್ತು ಸಣ್ಣ ಹತಾರಗಳಿಗೊಂದು. ಒಳಕೋಣೆಯ ಹೊಸಿಲು ಒಂದು ಗೇಣು ಎತ್ತರ ಇತ್ತು. ಅದನ್ನು ತಗ್ಗಿಸುವಂತಿಲ್ಲ, ಹೊಸಿಲು ಮನೆಯ ಲಕ್ಷ್ಮಿ. ಅದರ ಎರಡು ಕಡೆಗೂ ಓರೆಯಾಗಿ ಹಲಗೆ ಜೋಡಿಸಿದೆ. ತೋಪಿನ ಗಾಡಿ ಮಾಡಿದ ಕೈ ಸುಮ್ಮನಿರಲಿಲ್ಲ. ನಾಲ್ಕು ಪುಟ್ಟ ಚಕ್ರ ಕಟ್ಟಿದ ಒಂದು ಮಣೆಯನ್ನೂ ಮಾಡಿ, ಕೂತು ಕೈಯಿಂದ ನೆಲ ತಳ್ಳಿದರೆ ಸಾಗುವಂತೆ ಕೀಲಿಗೆಲ್ಲ ಹರಳೆಣ್ಣೆ ಹಾಕಿ ಭಾವನ ಮಂಚದ ಪಕ್ಕ ಇಟ್ಟೆ.

ಅದನ್ನು ನೋಡಿ ಅವರು ಎರಡನೆಯ ಸಲ ಮಾತಾಡಿದರು. "ತೋಪಿನ ಗಾಡಿ ಮ್ಯಾಲೆ ನನ್ನ ಕೂರ್ಸಿ ಯಾವ ಕೋಟೆ ಮುರಿಯಾಕೆ ಕಳಿಸ್ತೀಯಲಾ?" ಆಮೇಲೆ ಮತ್ತೆ ಗೋಡೆಗೆ ತಿರುಗಿದರು.

ಭಾವನ ತಾಯಿ ಪುಟ್ಟೀರಮ್ಮನವರು ಅಂಗಳದಲ್ಲಿ ರಾಗಿ ಕೇರುತ್ತ ನನ್ನ ಕೆಲಸವನ್ನು ಕಾಯುತ್ತಿದ್ದರು. ಎರಕದವರ ಮನೆಯ ಸೊಸೆಯಾಗಿ ಬಂದು ಐವತ್ತು ವರ್ಷವಾಗಿದ್ದವರು. ಕಣ್ಣು ಹದ್ದಿನದು. "ನಿಮ್ಮಪ್ಪ ಮರದ ಮ್ಯಾಲೆ ಕೈ ಇಟ್ರೆ ಅದ್ರ ಗೋತ್ರ ಏಳೋನು. ನೀನು ದಾರ ಇಡ್ಕೊಂಡೇ ಎರಡು ತಿಂಗ್ಳು ಕಳ್ದೆ" ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳದವನಂತೆ ಉಳಿ ಹೊಡೆಯುತ್ತಿದ್ದೆ. ಕಂಬಗಳಿಗೆ ಬುಡದಲ್ಲಿ ಚೌಕ ಪೀಠ, ನಡುವೆ ಎಂಟು ಪಟ್ಟೆ, ಮೇಲೆ ತಾವರೆಯ ಬೋದಿಗೆ. ಕೊಯ್ಯುವಾಗ ಎರಡು ತುದಿಯಿಂದಲೂ ತೆಗೆದ ತುಂಡುಗಳಿಗೆ ಒಂದು ಗೀರು, ಎರಡು ಗೀರು, ಮೂರು, ನಾಲ್ಕು ಎಂದು ಕಂಬದ ಅಂಕೆ ಕೊರೆದು, ಬುಡದವು ಒಂದು ಸಾಲು, ತುದಿಯವು ಒಂದು ಸಾಲು ಮಾಡಿ ಕೊಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದೆ.

ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ ಕಂಬ ನಿಂತವು, ತೊಲೆ ಕೂತಿತು, ಹೆಂಚು ಹೊದಿಸಿದ್ದಾಯಿತು. ಅಕ್ಕ ಗೋಡೆಗೆ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಳು. ಜಗಲಿಯ ಮೇಲೆ ಕಂಬಳಿ, ಅದರ ಮೇಲೆ ಚಾಪೆ, ಒರಗಲು ಬೂರುಗದ ಹತ್ತಿ ತುಂಬಿದ ಎರಡು ದಿಂಬು. ದಿಂಬಿನ ಗವುಸಿಗೆ ಮೇಲುಕೋಟೆಯ ನೇಕಾರರಿಂದ ಅಂಚಿನ ಬಟ್ಟೆ ತರಿಸಿದ್ದಳು. ಮದುವೆಯ ವರ್ಷ ಭಾವ ಅವಳಿಗೆಂದೇ ಎರಕ ಹೊಯ್ದಿದ್ದ ತೂಗುದೀಪ ಪೆಟ್ಟಿಗೆಯಲ್ಲಿತ್ತು. ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ನಡುವಿನ ಜಂತೆಗೆ ತೂಗಿಹಾಕಿದಳು.

ಶುಕ್ರವಾರ ಬೆಳಿಗ್ಗೆ ಹಾಲುಕ್ಕಿಸಿ, ಅಕ್ಕ ಒಳಗೆ ಹೋಗಿ, "ಏಳಿ, ಬನ್ನಿ. ಎಲ್ಲಾ ಆಗದೆ" ಎಂದಳು.

"ಚೆಂದಾಗದೆ ಅಂತ ಅವ್ವ ಏಳ್ತಿದ್ಲು. ನೀವೇ ಕುಂತ್ಕಳಿ" ಎಂದರು ಭಾವ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ನಮಗೆ ಧೈರ್ಯ ಬರುತ್ತಿತ್ತು.

ಅಕ್ಕ ಹೊರಗೆ ಬಂದು, ಯಾರೂ ಕೂರದ ಜಗಲಿಯ ಮೇಲಿನ ಚಾಪೆಯನ್ನು ಸರಿಮಾಡಿದಳು. ಆಗಲೇ ಸರಿಯಾಗಿದ್ದ ಚಾಪೆ. ನಾನು ಎರಡು ತಿಂಗಳಲ್ಲಿ ಅಳೆಯದೆ ಬಿಟ್ಟದ್ದು ಏನು ಎಂದು ಯೋಚಿಸಿದೆ. ದಾರ ತೆಗೆದು ಗಂಟುಗಳನ್ನು ಮತ್ತೊಮ್ಮೆ ಎಣಿಸಿದೆ. ಹಾಜರಿಗೆ ಇನ್ನು ಹನ್ನೆರಡು ದಿನ ಇತ್ತು. "ನಾಳೆ ಕಂಬಕ್ಕೆ ಇನ್ನೊಂದು ಕೈ ಎಣ್ಣೆ ತಿಕ್ಕುವ" ಎಂದಳು ಅಕ್ಕ. ಮಾಡಲು ಬೇರೇನೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಎಳೆಬಿಸಿಲು ಪಡಸಾಲೆಯೊಳಗೆ ಬಂದಿತ್ತು. ನಾನು ಒಂದನೆಯ ಕಂಬಕ್ಕೆ, ಅಕ್ಕ ಅಡಿಗೆಮನೆಯ ಕಡೆಯ ನಾಲ್ಕನೆಯ ಕಂಬಕ್ಕೆ ಎಣ್ಣೆ ತಿಕ್ಕುತ್ತಿದ್ದೆವು. ಎಣ್ಣೆ ಕುಡಿದ ಮರದಲ್ಲಿ ಗಂಟುಗಳು ಕಪ್ಪಾಗಿ ಎದ್ದು ಕಾಣುತ್ತವೆ.

"ಲೇ ಚೆಲುವ, ಇಲ್ಲಿ ಬಾ" ಎಂದಳು ಅಕ್ಕ ಮೆಲ್ಲಗೆ. "ಈ ಗಂಟ್ಯಾಕೆ ನೆಲ ನೋಡ್ತದೆ?"

ಅವಳೂ ಬಡಗಿಯ ಮಗಳೇ. ಕೊಂಬೆ ಯಾವಾಗಲೂ ಆಕಾಶದ ಕಡೆ ಓರೆಯಾಗಿ ಬೆಳೆಯುತ್ತದೆ. ಕೊಂಬೆ ಹುಟ್ಟಿದ ಗಂಟಿನ ಬಾಲವೂ ಮರದೊಳಗೆ ಹಾಗೇ ಮೇಲ್ಮುಖವಾಗಿ ಉಳಿಯುತ್ತದೆ. ಕಂಬ ನಿಂತಾಗಲೂ ಅದು ಮೇಲಕ್ಕೇ ನೋಡಬೇಕು. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಬುಡ ಮೇಲಾದ ಕಂಬದ ಮನೆಯಲ್ಲಿ ಬಾಳೂ ಬುಡಮೇಲು ಎಂದು ನಮ್ಮವರು ಎದೆಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಬಡಗಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನಾನು ಗಂಟನ್ನು ನೋಡಿದೆ. ಅಕ್ಕ ಹೇಳಿದ್ದು ನಿಜವಾಗಿದ್ದರೂ ನಂಬಲಾರದೆ ಕೊಟ್ಟಿಗೆಗೆ ಹೋಗಿ, ನಾಲ್ಕು ಗೀರಿನ ಎರಡು ತುಂಡು ತಂದೆ. ಒಂದು ಬುಡದ ಸಾಲಿನದು, ಒಂದು ತುದಿಯ ಸಾಲಿನದು, ಎರಡೂ ಒಂದೇ ಅಳತೆ. ಹಿತ್ತಲ ಹಂಡೆಯ ನೀರಿನಲ್ಲಿ ಎರಡನ್ನೂ ಬಿಟ್ಟೆ. ಬುಡದ ಮರ ಭಾರ, ಹೆಚ್ಚು ಮುಳುಗುತ್ತದೆ. ನಾನು ಬುಡ ಎಂದದ್ದು ಹಗುರವಾಗಿ ತೇಲಿತು. ತುದಿ ಎಂದದ್ದು ಕತ್ತಿನವರೆಗೆ ಮುಳುಗಿ ನಿಂತಿತು. ನೀರು ಹಳದಿಯಾಗುತ್ತಿದ್ದುದನ್ನು ನೋಡುತ್ತ ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ತುಂಡುಗಳನ್ನು ಅಷ್ಟು ಚೆನ್ನಾಗಿ ಜೋಡಿಸಿಡದಿದ್ದರೆ ನನ್ನ ತಪ್ಪು ನನಗೆ ಇಷ್ಟು ಬೇಗ ರುಜುವಾಗುತ್ತಿರಲಿಲ್ಲ.

ವಾಪಸು ಬಂದು ಅಕ್ಕನಿಗೆ ತಲೆಯಾಡಿಸಿದೆ. ಅವಳು ಒಳಕೋಣೆಯ ಬಾಗಿಲ ಕಡೆ ನೋಡಿ ಹೇಳಿದಳು: "ಸುಮ್ಕಿರು. ಅಲ್ಲೊಂದು ಗೂಟ ಬಡ್ದು ಪಂಚೆ ನೇತಾಕ್ಬುಡು. ಯಾರೂ ನೋಡಾಕಿಲ್ಲ."

ಒಂದು ಕ್ಷಣ ನಾನು ಗೂಟದ ಉದ್ದ ಎಷ್ಟಿರಬೇಕು ಎಂದು ಯೋಚಿಸಿದ್ದು ನಿಜ. ಮುಚ್ಚಿಡುವುದಿಲ್ಲ.

"ಏನು ನೇತಾಕೋದು?" ಪುಟ್ಟೀರಮ್ಮನವರು ಮೊರ ಹಿಡಿದುಕೊಂಡು ನಮ್ಮ ಹಿಂದೆಯೇ ನಿಂತಿದ್ದರು. ಅಕ್ಕ ಕೈ ಅಡ್ಡ ಇಟ್ಟಿದ್ದ ಗಂಟನ್ನು ಬಗ್ಗಿ ನೋಡಿದರು. ಮೊರ ಕೆಳಗಿಟ್ಟರು. "ಕಾಲು ಓಗಿ ಮಲ್ಗಿರೋನ ಮನೇಲಿ ಕಂಬ ತಲೆ ಕೆಳ್ಗೆ ನಿಲ್ಸಿದ್ದೀಯಲ್ಲಪ್ಪಾ. ಇನ್ನು ನನ್ ಮಗ ಈ ಕೆಳ್ಗೆ ಕೂರಂಗಿಲ್ಲ. ಬರ್ತೀನಿ ಅಂದ್ರೂ ನಾ ಬುಡಾಕಿಲ್ಲ."

ಆಯಿತು, ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಏನವ್ವಾ ಅದು?"

ಅಕ್ಕ ಎಣ್ಣೆಬಟ್ಟೆಯನ್ನು ಕೆಳಗಿಟ್ಟಳು.

"ಕಂಬ ಬುಡಮೇಲಂತೆ ಕಣಪ್ಪ" ಎಂದರು ಪುಟ್ಟೀರಮ್ಮ.

"ಯಾವ್ ಕಂಬ?"

"ಅಡ್ಗೆ ಮನೆ ಕಡೇದು."

"ಸುಳ್ಳು. ಬಡಗಿಗೆ ಉಟ್ಟಿದೋನು ಅಂಗೆ ಮಾಡಾಕಿಲ್ಲ." ಆಮೇಲೆ ದನಿ ಎತ್ತರಿಸಿ, "ಲೇ ಚೆಲುವ, ನಿಜ ಏನ್ಲಾ?"

"ನಿಜ, ಭಾವ."

"ಗಂಟು ಎಷ್ಟವೆ?"

"ಎರಡು."

"ಎರಡೂ ಕೆಳೀಕೆ ನೋಡ್ತವಾ?"

"ಎರಡೂ."

ಮಂಚ ಕಿರುಗುಟ್ಟಿತು. ಏನೋ ಧೊಪ್ಪನೆ ಬಿತ್ತು, ನೀರಿನ ಚೊಂಬು ಉರುಳಿತು. ಅಕ್ಕ ಒಳಕ್ಕೆ ಓಡಲು ಹೋದವಳ ಕೈಯನ್ನು ಪುಟ್ಟೀರಮ್ಮ ಹಿಡಿದುಕೊಂಡರು. ಆಮೇಲೆ ಕೇಳಿಸಿದ್ದು ಚಕ್ರದ ಸದ್ದು. ಹೊಸಿಲಿನ ಓರೆ ಹಲಗೆಯ ಮೇಲೆ ಹತ್ತುವಾಗಿನ ಗರಗರ, ಇಳಿಯುವಾಗಿನ ಜರ್ರನೆ ಜಾರು. ಭಾವ ಮಣೆಯ ಮೇಲೆ ಕೂತು, ಎರಡು ಕೈಯಿಂದ ನೆಲ ತಳ್ಳುತ್ತ, ನಮ್ಮ ಯಾರ ಮುಖವನ್ನೂ ನೋಡದೆ ಸೀದಾ ನಾಲ್ಕನೆಯ ಕಂಬದ ಬಳಿಗೆ ಹೋದರು. ಗಡ್ಡ ಎದೆಯ ತನಕ ಬೆಳೆದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದರು. ಗಂಟಿನ ಮೇಲೆ ಬೆರಳಾಡಿಸಿದರು. ಬೆರಳ ಗೆಣ್ಣಿನಿಂದ ಕಂಬದ ಕೆಳಗೊಮ್ಮೆ, ಕೈ ನಿಲುಕಿದಷ್ಟು ಮೇಲೊಮ್ಮೆ ತಟ್ಟಿ, ಗಂಟೆಯ ಸದ್ದು ಪರೀಕ್ಷೆ ಮಾಡುವವರಂತೆ ಕಿವಿ ಇಟ್ಟರು. ನಾನು ಹಂಡೆಯ ವಿಷಯ ಹೇಳಿದೆ. ತುಂಡುಗಳನ್ನು ತರಿಸಿ ಕೈಯಲ್ಲಿ ತೂಗಿ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿದರು. "ಪಟ್ಟಣದ ತೋಪೆಲ್ಲ ನೀನು ಇಂಗೇ ಕೂರ್ಸಿದ್ರೆ, ಗುಂಡು ನಮ್ಮ ಕಡೀಕೇ ಆರ್ತದಲ್ಲಲಾ."

ಅಕ್ಕ ನಕ್ಕುಬಿಟ್ಟಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಅದು ನಗುವೋ ಬೇರೆಯೋ ಎಂದು ನಾನು ನೋಡಲು ಹೋಗಲಿಲ್ಲ. ಭಾವನಿಗೂ ಬೈಯಲು ದೊರೆತ ಸುಖ. ಅಲ್ಲಿಂದ ಶುರುವಾದವರು ಬಿಸಿಲು ಏರುವ ತನಕ ಬೈದರು. ಮರದ ಗುರುತು ನೋಡುವುದರಿಂದ ಹಿಡಿದು, ಬೋದಿಗೆಯ ತಾವರೆಯ ಎಸಳು ಸಾಲದು, ಕಿಟಕಿಯ ಸಲಾಕೆ ಕುಲುಮೆಯ ಬಾಯಿಗೆ ಅಡ್ಡ ಬರುತ್ತದೆ, ದಿಂಬು ಗಟ್ಟಿ, ಇದಕ್ಕೆಲ್ಲ ಎರಡು ತಿಂಗಳು ಬೇಕಿತ್ತಾ ಎನ್ನುವವರೆಗೆ. ಅಕ್ಕ ಮುದ್ದೆ ತಂದಿಟ್ಟಳು. ಬೈಗುಳದ ನಡುವೆಯೇ ಒಂದು ಪೂರ್ತಿ ಮುದ್ದೆ ಹೋಯಿತು. ಪುಟ್ಟೀರಮ್ಮನವರು ಸದ್ದಿಲ್ಲದೆ ಒಳಕೋಣೆಗೆ ಹೋಗಿ, ಏಳೆಂಟು ತಿಂಗಳ ಹಾಸಿಗೆಯನ್ನು ಸುತ್ತಿ ತಂದು, ಹಿತ್ತಲ ಬೇಲಿಯ ಮೇಲೆ ಬಿಸಿಲಿಗೆ ಹರಡಿದರು.

"ಎರಕ ಕೆಟ್ರೆ ಕರಗಿಸ್ಬುಡ್ತೀವಿ" ಎಂದರು ಭಾವ, ಕೈ ತೊಳೆದ ಮೇಲೆ. "ಮರ ಕರಗಾಕಿಲ್ಲ. ಕೆತ್ತಿದ ಪೀಠ, ಬೋದಿಗೆ, ತಿರುಗ್ಸಿ ನಿಲ್ಸಾಕೂ ಆಗಾಕಿಲ್ಲ. ಬ್ಯಾರೆ ಒಣಮರ ಎಲ್ಲದೆ?"

"ಇಲ್ಲ, ಭಾವ. ಹಿರೋಡೆ ಮಂಡೀಲಿ ಇದ್ದ ಒಣಮರ ಇವೇ ನಾಕು."

"ಅಂಗಾದ್ರೆ ಕಲ್ಲು ತರ್ಸು. ಕಲ್ಲಿಗೆ ಬುಡ ಇಲ್ಲ, ತುದಿ ಇಲ್ಲ. ಆಮ್ಯಾಕೆ ಈ ಕಂಬಾನ ಮಲಗಿಸ್ಬುಡು, ಕೊಯ್ದು ಉಯ್ಯಾಲೆ ಮಣೆ ಮಾಡು. ನಿಂತ್ರಲ್ವಾ ಬುಡ ಮ್ಯಾಲೆ ಅನ್ನೋದು? ಮಲಗಿದ್ದಕ್ಕೆ ತಲೆ ಎತ್ತಾಗಿದ್ರೇನು." ಸ್ವಲ್ಪ ಹೊತ್ತು ತಮ್ಮ ಕಾಲುಗಳನ್ನು ನೋಡಿಕೊಂಡರು. "ಕೂತಿದ್ದಕ್ಕೂ ಅಷ್ಟೇ" ಎಂದರು.

ಇಮಾಮ ಸಾಬಿಯನ್ನೇ ಕಳಿಸಿದೆವು. ಮೇಲುಕೋಟೆಯ ತಪ್ಪಲಿನ ಕಲ್ಲುಕುಟಿಗರ ಹತ್ತಿರ ಅಳತೆಗೆ ಹೊಂದುವ ಕಂಬವೊಂದು ಆಗಲೇ ಒರಟಾಗಿ ಕಡಿದು ಬಿದ್ದಿತ್ತು. ಐದನೆಯ ದಿನ ಗಾಡಿ ಬಂತು. ಇಳಿಸುವಾಗ ಅವನಿಗೆ ಎಲ್ಲ ಹೇಳಿ, ಆ ದಿನ ದಿಮ್ಮಿ ಹೇಗೆ ಏರಿಸಿದ್ದೆ ಎಂದು ಕೇಳಿದೆ.

"ಮೂರ್ರ ಬುಡ ಮುಂದ್ಕೆ, ದಪ್ಪಂದು ಒಂದ್ರದು ಹಿಂದ್ಕೆ" ಎಂದ ಅವನು, ಅದರಲ್ಲೇನು ಎನ್ನುವಂತೆ. "ನಾಕೂ ಬುಡ ಒಂದೇ ಕಡೆ ಹಾಕಿದ್ರೆ ಎತ್ತಿನ್ ಹೆಗಲು ಇಳಿದ್ಹೋಗ್ತದಲ್ಲ ಆಚಾರ್ರೆ, ವಜನ್ ಬರಾಬರ್ ಬೇಕು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಕಲ್ಲಿನ ಕಂಬವನ್ನು ತಟ್ಟಿ ನಕ್ಕ. "ಇದ್ರ ಬುಡ ಯಾವ್ದು ಅಂತ ಇವಾಗ್ಲೇ ಕೇಳ್ಬುಡಿ."

ಅವನದು ತಪ್ಪಲ್ಲ. ಅವನು ಎತ್ತುಗಳನ್ನು ನೋಡಿ ಗಾಡಿ ತುಂಬಿದ್ದ. ನಾನು ಮಾತ್ರ ಮರವನ್ನು ನೋಡದೆ ಸಾಲನ್ನು ನೋಡಿದೆ. ನಾಲ್ಕನೆಯದೂ ಮೂರರ ಹಾಗೇ ಇರಲೇಬೇಕು ಎಂಬುದು ನನ್ನಂಥ ಅಚ್ಚುಕಟ್ಟಿನವನಿಗೆ ಮಾತ್ರ ಹೊಳೆಯುವ ತಪ್ಪು. ಅಂದಿನಿಂದ ಗುರುತಿದ್ದರೂ ಗಂಟು ನೋಡುತ್ತೇನೆ, ಗಂಟು ನೋಡಿದರೂ ನೀರಿಗೆ ಬಿಡುತ್ತೇನೆ.

ತೊಲೆಗೆ ಎರಡು ಕಡೆ ಆನಿಕೆ ಕೊಟ್ಟು, ಬೆಣೆ ಬಡಿದು, ಕೂದಲೆಳೆಯಷ್ಟು ಮೇಲೆತ್ತಿ ಮರದ ಕಂಬವನ್ನು ಈಚೆಗೆ ತೆಗೆಯಬೇಕು. ಹೊದಿಸಿದ ಹೆಂಚಿನ ಭಾರವೆಲ್ಲ ಮೇಲಿದೆ. ಎರಡು ಬೆಣೆಗೂ ಒಂದೇ ಸಲ ಏಟು ಬೀಳದಿದ್ದರೆ ತೊಲೆ ಹೊರಳುತ್ತದೆ. ಭಾವ ಜಗಲಿಯ ಮೇಲೆ ಕೂತು ಎರಕ ಹೊಯ್ಯುವಾಗಿನ ಕೂಗು ತೆಗೆದರು. ಆ ಕೂಗಿಗೆ ಏಟು, ಕೂಗಿಗೆ ಏಟು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಇಣುಕಿದರು. ಆ ದನಿ ಕೇಳದೆ ಊರಿಗೇ ಏಳೆಂಟು ತಿಂಗಳಾಗಿತ್ತು. ಕಲ್ಲಿನ ಕಂಬ ಅಡಿಗಲ್ಲಿನ ಮೇಲೆ ಕೂತು, ತೊಲೆ ಮೆಲ್ಲಗೆ ಇಳಿದು ಅದರ ತಲೆಯ ಮೇಲೆ ನೆಲೆಸಿದಾಗ ಒಂದು ಹೆಂಚೂ ಅಲುಗಲಿಲ್ಲ. ಕೊಡತಿ ಕೆಳಗಿಟ್ಟೆ. ಅಲ್ಲೇ ಕಂಬದ ಬುಡದಲ್ಲಿ ಕೂತೆ. ಎರಡು ತಿಂಗಳಲ್ಲಿ ಮೊದಲನೆಯ ಸಲ, ಮುಂದೇನು ಎಂದು ಯೋಚಿಸದೆ ಕೂತೆ.

ಉಯ್ಯಾಲೆಯ ಮಣೆ ಎರಡು ದಿನದಲ್ಲಿ ಆಯಿತು. ತೂಗುಹಾಕಲು ನಾನು ಹಗ್ಗ ಹುಡುಕುತ್ತಿದ್ದರೆ, "ಕಂಚುಗಾರನ ಮನೇಲಿ ಅಗ್ಗ ನೇತಾಕ್ತೀಯೇನ್ಲಾ" ಎಂದು ಭಾವ ಗೂಡಿನಿಂದ ಮೇಣ ತೆಗೆದುಕೊಂಡು, ಕಂಚಿನ ಸರಪಳಿಯ ಎರಕಕ್ಕೆ ಕೊಂಡಿಯ ಮಾದರಿ ತಿದ್ದಲು ಕೂತರು. ಕಿಟಕಿಯಿಂದ ಕೂಗಿ ಕೂಗಿ ಹೇಳಿ, ಪಕ್ಕದ ಮನೆಯ ದಾಯಾದಿಯೊಬ್ಬನಿಂದ ಕುಲುಮೆ ಹೊತ್ತಿಸಿದರು. ನಾನು ಹೊರಟ ದಿನ ಹೊಗೆ ಮಾಡಿನ ಮೇಲಿಂದ ಏಳುತ್ತಿತ್ತು. ಹಿರೋಡೆಯ ದಾರಿಯಲ್ಲಿ ಎರಡು ಸಲ ಹಿಂತಿರುಗಿ ನೋಡಿದೆ. ಹೊಗೆ ಇತ್ತು. ಹಾಜರಿಗೆ ಒಂದು ದಿನ ಮೊದಲೇ ಪಟ್ಟಣ ಸೇರಿದೆ.

ಸರಪಳಿಯನ್ನು ನಾನು ನೋಡಿದ್ದು ಎರಡು ವರ್ಷದ ಮೇಲೆ, ಅದೇ ಪಡಸಾಲೆಯಲ್ಲಿ ಅಕ್ಕನ ಮಗನಿಗೆ ತೊಟ್ಟಿಲು ಕಟ್ಟಿದಾಗ. ಒಂದೊಂದು ಕೊಂಡಿಯಲ್ಲೂ ಒಂದೊಂದು ಗಿಳಿ. ಆಮೇಲೆ ಪಟ್ಟಣ ಬಿತ್ತು, ನಗಾರಿ ನಿಂತಿತು, ಕಾರ್ಖಾನೆಯ ಬಡಗಿಗಳೆಲ್ಲ ಹತಾರದ ಚೀಲ ಹೊತ್ತು ಅವರವರ ಊರಿಗೆ ಹೋದರು. ನಾನು ಅತ್ತಿಗುಪ್ಪೆಗೆ ಬಂದೆ. ಭಾವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪಡಸಾಲೆಯಲ್ಲಿ ಕೂತು ಎರಕ ಹೊಯ್ಯಿಸಿದರು, ಪಂಚಾಯಿತಿ ಮಾಡಿದರು, ಬಂದವರಿಗೆಲ್ಲ ಕಲ್ಲಿನ ಕಂಬ ತೋರಿಸಿ ನನ್ನ ಮಾನ ಕಳೆದರು. ನಾನು ಅಷ್ಟು ಜೋಪಾನವಾಗಿ ಅಳೆದು ಮಾಡಿದ ಜಗಲಿಯ ಮೇಲೆ ಅವರು ಕೂತದ್ದು ಕಡಿಮೆ. ಕಲ್ಲು ತಣ್ಣಗಿರುತ್ತದೆ ಎಂದು ಚಕ್ರದ ಮಣೆಯನ್ನು ಅಲ್ಲಿಗೇ ಉರುಳಿಸಿಕೊಂಡು ಹೋಗಿ ಆ ಕಂಬಕ್ಕೆ ಒರಗಿ ಕೂರುತ್ತಿದ್ದರು.

ಹೋದ ತಿಂಗಳು ಮೂರು ಮರದ ಕಂಬಗಳನ್ನೂ ತಟ್ಟಿ ನೋಡಿದೆ. ಹುಳ ಹಿಡಿದಿಲ್ಲ, ಗಂಟುಗಳೆಲ್ಲ ಆಕಾಶ ನೋಡುತ್ತಿವೆ. ಅಕ್ಕನ ಮಗ ನನ್ನ ಹಿಂದೆಯೇ ಬಂದು ಕೇಳಿದ: "ಮಾವ, ಈಗ ಒಳ್ಳೆ ಒಣ ಹೊನ್ನೆ ಸಿಕ್ಕದೆ. ಎಂಚು ಎಂಗೂ ಇಳ್ಸಿದ್ದೀವಿ. ಈ ಕಲ್ಲು ತೆಗ್ದು ಮರದ್ದೇ ನಿಲ್ಸುವಾ? ನಾಕೂ ಒಂದೇ ತರ ಆಯ್ತವೆ."

ನಾಲ್ಕೂ ಒಂದೇ ತರ ಇರಬೇಕು ಎಂದು ನನ್ನ ಕಣ್ಣು ಬಯಸುವುದು ಈಗಲೂ ತಪ್ಪಿಲ್ಲ. ಉತ್ತರ ಕೊಡುವ ಮೊದಲು ಕಂಬದ ಹತ್ತಿರ ಹೋಗಿ ನೋಡಿದೆ. ಮಣೆಯ ಮೇಲೆ ಕೂತವನ ಬೆನ್ನಿನ ಎತ್ತರದಲ್ಲಿ ಕಲ್ಲು ಸವೆದು, ಎಣ್ಣೆ ಕುಡಿದು, ಕರ್ರಗೆ ಹೊಳೆಯುತ್ತಿತ್ತು. ಉಳಿ ತಾಗದೆ ಅಲ್ಲೊಂದು ಸಣ್ಣ ತಗ್ಗು ಬಿದ್ದಿತ್ತು. ಉಯ್ಯಾಲೆಯ ಮೇಲೆ ಅಕ್ಕ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ಬಾಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ನಾನು ನೆಲದ ಮೇಲೆ ಕೂತು, ಆ ತಗ್ಗಿಗೆ ಬೆನ್ನು ಕೊಟ್ಟೆ. ಭಾವನ ಬೆನ್ನು ನನ್ನದಕ್ಕಿಂತ ಅಗಲ. ನಾನು ಕೂತ ಮೇಲೂ ಎರಡು ಕಡೆ ಒಂದೊಂದು ಬೆರಳು ಜಾಗ ಮಿಕ್ಕಿತು.

"ಎಂಚು ಒದಿಸು" ಎಂದೆ.